ತಾನಾಗಿ ಬೀಳಬೇಕಿದ್ದ ಹಲಗೆ

ಆ ಕಾಲೇಜಿನಲ್ಲಿ ಎಂಟ್ರೊಪಿಯ ಪಾಠವನ್ನು ಯಾರೂ ಎಂಟ್ರೊಪಿಯ ಪಾಠ ಎನ್ನುವುದಿಲ್ಲ. ‘ಹಲಗೆ ಪಾಠ’ ಎನ್ನುತ್ತಾರೆ. ಪುಸ್ತಕದಲ್ಲಿ ಹಲಗೆಯ ಸುದ್ದಿಯೇ ಇಲ್ಲ. ಅದು ಈಗ ನಿವೃತ್ತರಾಗಿ ಮನೆಯಲ್ಲಿರುವ ಹಳೆಯ ಮೇಷ್ಟರೊಬ್ಬರು ಶುರು ಮಾಡಿದ ಪದ್ಧತಿ. ವಿದ್ಯಾರ್ಥಿಗಳು ಅವರಿಗೆ ‘ಡಿಸ್ಟಿಲ್ಡ್’ ಎಂದು ಅಡ್ಡಹೆಸರು ಇಟ್ಟಿದ್ದರು. ಕಲಬೆರಕೆ ಎಂಬುದು ಅವರ ಮಾತಿನಲ್ಲಾಗಲಿ ಅಂಗಿಯಲ್ಲಾಗಲಿ ಇರಲಿಲ್ಲ; ಬಟ್ಟಿ ಇಳಿಸಿದ ನೀರಿನ ಹಾಗೆ ರುಚಿಯೂ ಇರಲಿಲ್ಲ.

ಪದ್ಧತಿ ಇಷ್ಟೆ. ಮೊದಲ ವರ್ಷದ ತರಗತಿಯ ಮುಂದೆ ಅಂಗೈಯಗಲದ ತೆಳು ಮರದ ಹಲಗೆಯೊಂದನ್ನು ಒದ್ದೆ ಮಾಡಿ, ಅದರ ಮೇಲೆ ಗಾಜಿನ ಫ್ಲಾಸ್ಕ್ ಇಟ್ಟು, ಅದರೊಳಗೆ ಬೇರಿಯಂ ಹೈಡ್ರಾಕ್ಸೈಡು ಮತ್ತು ಅಮೋನಿಯಂ ಕ್ಲೋರೈಡು ಎಂಬ ಎರಡು ಬಿಳಿ ಪುಡಿಗಳನ್ನು ಸುರಿದು ಕಲಕಬೇಕು. ಬೆಂಕಿ ಬೇಡ, ಮಂಜುಗಡ್ಡೆ ಬೇಡ. ಎರಡು ಒಣ ಪುಡಿಗಳು ಸೇರಿ ಕೆಸರಾಗುತ್ತವೆ, ಮೂಗು ಸುಡುವ ಅಮೋನಿಯಾ ಎದ್ದು ಬರುತ್ತದೆ, ಸುತ್ತಲಿನ ಶಾಖವನ್ನೆಲ್ಲ ಎಳೆದುಕೊಂಡ ಫ್ಲಾಸ್ಕು ಎಷ್ಟು ತಣ್ಣಗಾಗುತ್ತದೆ ಎಂದರೆ ಅದರಡಿಯ ನೀರು ಹೆಪ್ಪುಗಟ್ಟಿ, ಫ್ಲಾಸ್ಕ್ ಎತ್ತಿದರೆ ಹಲಗೆಯೂ ಜೊತೆಗೇ ಎದ್ದು ಬರುತ್ತದೆ. ಆ ಹೊತ್ತಿಗೆ ಹಿಂದಿನ ಬೆಂಚಿನವರಿಗೂ ಎಚ್ಚರವಾಗಿರುತ್ತದೆ. ಆಮೇಲೆ ಫ್ಲಾಸ್ಕಿನ ಕತ್ತನ್ನು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿ, ಹಲಗೆ ತೂಗಾಡುತ್ತಿರುವಂತೆಯೇ, ಮೇಷ್ಟರು ಬೋರ್ಡಿನ ಕಡೆ ತಿರುಗಿ ಪಾಠ ಮುಂದುವರಿಸಬೇಕು. ಕೋಣೆಯ ಶಾಖ ಮೆಲ್ಲಗೆ ಫ್ಲಾಸ್ಕಿಗೆ ಹರಿದು, ಮಂಜು ಕರಗಿ, ಯಾವುದೋ ವಾಕ್ಯದ ನಡುವೆ ಹಲಗೆ ಕೆಳಗಿನ ತಗಡಿನ ತಟ್ಟೆಗೆ ಠಪ್ಪೆಂದು ಬೀಳುತ್ತದೆ. ಆಗ ಮೇಷ್ಟರು ಹಿಂತಿರುಗಿ ನೋಡದೆ, “ಯಾರಾದರೂ ತಳ್ಳಿದರೇನ್ರಯ್ಯಾ?” ಎಂದು ಕೇಳಬೇಕು. ಡಿಸ್ಟಿಲ್ಡ್ ಮೇಷ್ಟರು ತಮ್ಮ ಇಡೀ ವೃತ್ತಿಜೀವನದಲ್ಲಿ ಆಡಿದ ಏಕೈಕ ಹಾಸ್ಯ ಇದು. ಹಾಗಾಗಿ ಎಲ್ಲರಿಗೂ ನೆನಪಿತ್ತು.

ಈಗ ಆ ಪಾಠ ಮಾಡುತ್ತಿದ್ದುದು ಅವರ ಸೊಸೆ. ಅವಳೂ ರಸಾಯನಶಾಸ್ತ್ರದ ಉಪನ್ಯಾಸಕಿಯೇ, ಆದರೆ ‘ತಾತ್ಕಾಲಿಕ’. ಪ್ರತಿ ಬೇಸಿಗೆಯಲ್ಲಿ ಅವಳ ನೌಕರಿ ಸತ್ತು, ರಜೆ ಮುಗಿದ ಮೇಲೆ ಮತ್ತೆ ಹುಟ್ಟುತ್ತಿತ್ತು. ಕಾಲೇಜಿನಲ್ಲಿ ಅವಳಿಗಿಂತ ಕಾಯಂ ಆದ ವಸ್ತುಗಳೆಂದರೆ ಸೋರುವ ನಲ್ಲಿ, ನಿಂತ ಗಡಿಯಾರ. ಅಂತೂ ಈ ವರ್ಷ ಒಂದು ಕಾಯಂ ಹುದ್ದೆ ಮಂಜೂರಾಗಿತ್ತು. ಹೊರಗಿನಿಂದ ಬರುವ ಆಯ್ಕೆ ಸಮಿತಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಸಿಕ್ಕಿದರೆ ನಿವೃತ್ತಿಯವರೆಗೆ ನಿಶ್ಚಿಂತೆ. ಸಿಗದಿದ್ದರೆ ಆ ಕುರ್ಚಿಗೆ ಬೇರೆಯವರು ಬರುತ್ತಾರೆ, ಇವಳ ತಾತ್ಕಾಲಿಕವೂ ಮುಗಿಯುತ್ತದೆ. ಸಮಿತಿ ಕೊಟ್ಟ ವಿಷಯ: ಸ್ವಯಂಪ್ರೇರಿತ ಕ್ರಿಯೆಗಳು ಮತ್ತು ಎಂಟ್ರೊಪಿ.

“ಹಲಗೆ ಪಾಠ!” ಎಂದರು ಮಾವ, ಊಟದ ಮೇಜಿನ ಮೇಲೆ ಕೈ ಬಡಿದು. “ಕಣ್ಣು ಮುಚ್ಕೊಂಡು ಮಾಡಿ ಬರ್ತೀಯ ಬಿಡಮ್ಮ. ಅದು ತಾನಾಗಿ ಆಗೋ ಕೆಲಸ, ನೀನು ಪಕ್ಕದಲ್ಲಿ ನಿಂತಿದ್ರೆ ಸಾಕು. ನಿನ್ನ ಗಂಡನಿಗೆ ಹೇಳು, ಆ ಉಪ್ಪಿನ ಡಬ್ಬಿ ಈ ಕಡೆ ತಳ್ಳಲಿ.”

ಗಂಡ ಅವರ ಪಕ್ಕದ ಕುರ್ಚಿಯಲ್ಲೇ ಇದ್ದ. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

“ಉಪ್ಪು ಜಾಸ್ತಿ ತಿನ್ನಬಾರದು ಅಂತ ಡಾಕ್ಟರು ಹೇಳಿದ್ದಾರೆ ಅಂತ ನಿನ್ನ ಮಾವನಿಗೆ ಹೇಳು,” ಎಂದ ಗಂಡ, ತಟ್ಟೆಯಿಂದ ತಲೆಯೆತ್ತದೆ.

ಆ ಮನೆಯಲ್ಲಿ ತಂದೆ ಮಗನ ಮಾತೆಲ್ಲ ಸೊಸೆಯ ಮೂಲಕವೇ ಸಾಗಬೇಕು. ಜಗಳವೇನೂ ಆಗಿರಲಿಲ್ಲ; ಆಗಿದ್ದರೆ ಮುಗಿದಾದರೂ ಹೋಗುತ್ತಿತ್ತು. ಮಗ ರಸಾಯನಶಾಸ್ತ್ರವನ್ನು ಮೊದಲ ವರ್ಷಕ್ಕೇ ಬಿಟ್ಟು, ಕಟ್ಟುಹಲ್ಲು ಮಾಡುವುದನ್ನು ಕಲಿತ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಊರಿನ ದಂತವೈದ್ಯರೆಲ್ಲ ಅಚ್ಚು ಕಳಿಸುತ್ತಿದ್ದರು. ಇವನು ಹಲ್ಲು ಮಾಡಿ ಕಳಿಸುತ್ತಿದ್ದ. ಕಿಟಕಿಯ ಪಕ್ಕದ ಗೂಡಿನಲ್ಲಿ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತು ಬೀದಿಯವರನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಮಾವ ಆ ಕೋಣೆಯನ್ನು ದಾಟುವಾಗ ಕಣ್ಣು ನೆಲಕ್ಕಿಡುತ್ತಿದ್ದರು. ತಮ್ಮ ಬಾಯಲ್ಲಿದ್ದ ಮೇಲಿನ ಸಾಲು ಅಲ್ಲೇ ತಯಾರಾದದ್ದೆಂಬುದನ್ನು ಅವರು ಎಂದೂ ಪ್ರಸ್ತಾಪಿಸಿದ್ದಿಲ್ಲ.

ಉಪ್ಪಿನ ಡಬ್ಬಿಯನ್ನು ಸೊಸೆ ತಾನೇ ಎದ್ದು ತಳ್ಳಿದಳು.

ಪಾಠಕ್ಕೆ ಇನ್ನೂ ಒಂದಿಷ್ಟು ದಿನ ಇರುವಾಗ ಅವಳು ಪ್ರಯೋಗಶಾಲೆಯಲ್ಲಿ ಒಂದೊಂದು ಚಮಚ ಪುಡಿ ಹಾಕಿ ಪರೀಕ್ಷೆ ಮಾಡಿದಳು. ಕಲಕಿದಳು, ಮತ್ತೆ ಕಲಕಿದಳು. ವಾಸನೆ ಇಲ್ಲ, ಕೆಸರಿಲ್ಲ. ಥರ್ಮಾಮೀಟರಿನ ಪಾದರಸ ನಿದ್ದೆ ಹೋದವರ ಹಾಗೆ ಬಿದ್ದಿತ್ತು. ಬೇರಿಯಂ ಹೈಡ್ರಾಕ್ಸೈಡಿನ ಬಾಟಲಿ ಎತ್ತಿ ನೋಡಿದರೆ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು. ಅದು ಮಾವ ನಿವೃತ್ತರಾಗುವ ಮುನ್ನ ತಮ್ಮ ಕೈಯಾರೆ ಮೇಣ ಹಾಕಿ ಮುಚ್ಚಿ, ತಮ್ಮದೇ ಅಕ್ಷರದಲ್ಲಿ ಚೀಟಿ ಅಂಟಿಸಿಟ್ಟ ಬಾಟಲಿ. ಬಿರುಕಿನಿಂದ ಗಾಳಿ ಒಳಗೆ ಹೋಗಿದೆ. ಗಾಳಿಯ ಇಂಗಾಲದ ಡೈಆಕ್ಸೈಡು ಪುಡಿಯನ್ನು ಕಾರ್ಬೊನೇಟು ಮಾಡಿಹಾಕಿದೆ. ಕಾರ್ಬೊನೇಟಿಗೂ ಅಮೋನಿಯಂ ಕ್ಲೋರೈಡಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಅಂದರೆ, ಪಾಠದಲ್ಲಿ ತೋರಿಸಬೇಕಾಗಿದ್ದ ಕ್ರಿಯೆಗೆ ಮುಂಚೆ ಬೇರೊಂದು ಸ್ವಯಂಪ್ರೇರಿತ ಕ್ರಿಯೆ ಬಾಟಲಿಯೊಳಗೆ ಸದ್ದಿಲ್ಲದೆ ನಡೆದು ಮುಗಿದಿತ್ತು.

ಹೊಸದು ತರಿಸಬೇಕಾದರೆ ಕಾಲೇಜಿನ ಖರೀದಿ ಸಮಿತಿ ಸೇರಬೇಕು. ಖರೀದಿ ಸಮಿತಿ ತಾನಾಗಿ ಸೇರುವ ವಸ್ತುವಲ್ಲ.

“ಮಾವ, ಆ ಬಾಟಲಿ ಕೆಟ್ಟಿದೆ ಅನ್ಸುತ್ತೆ,” ಎಂದಳು ಸಂಜೆ, ಆದಷ್ಟು ಮೆತ್ತಗೆ.

ಮಾವ ಪೇಪರ್ ಮಡಿಸಿಟ್ಟರು. “ಯಾವ ಬಾಟಲಿ?”

“ನೀವು ಸೀಲ್ ಮಾಡಿಟ್ಟಿದ್ದು.”

“ನಾನು ಸೀಲ್ ಮಾಡಿದ್ದು ಕೆಡಲ್ಲಮ್ಮ.”

“ಮುಚ್ಚಳ ಬಿರುಕು ಬಿಟ್ಟಿದೆ ಮಾವ.”

“ಮುಚ್ಚಳ ಬಿಟ್ಟಿರಬಹುದು. ಒಳಗಿರೋದು ಯಾಕೆ ಕೆಡುತ್ತೆ? ನೀನು ಸರಿಯಾಗಿ ಕಲಕಿರಲ್ಲ. ಈಗಿನೋರ ಕೈಯಲ್ಲಿ ಕಸುವೆಲ್ಲಿದೆ. ನಾಳೆ ತಗೊಂಬಾ ಇಲ್ಲಿ, ನಾನು ನೋಡ್ತೀನಿ. ಹಾಗೇ ಆ ಹಲಗೇನೂ ತಾ. ಅದರ ಮೈಯೆಲ್ಲ ಕಲೆ. ಹೊರಗಿನೋರು ಬಂದಾಗ ಹಾಗೆ ಇಡ್ತಾರಾ? ಸ್ವಲ್ಪ ಉಜ್ಜಿ ಕೊಡು ಅಂತ ನಿನ್ನ ಗಂಡನಿಗೆ ಹೇಳು. ಅವನ ಹತ್ರ ಹಲ್ಲು ಉಜ್ಜೋ ಮಿಷನ್ ಇದೆಯಲ್ಲ.”

“ಅದು ಪಾಲಿಶ್ ಮಾಡೋ ಮಿಷನ್ ಅಂತ ಹೇಳು,” ಎಂಬ ಧ್ವನಿ ಮುಂದಿನ ಕೋಣೆಯಿಂದ ಬಂತು.

ಬಾಟಲಿಯೂ ಹಲಗೆಯೂ ಮನೆಗೆ ಬಂದವು. ಅವಳು ಮಾಡಿದ ತಪ್ಪೆಂದರೆ ಇದೊಂದೇ. ಎರಡು ಪುಡಿಗಳನ್ನು ಒಟ್ಟಿಗೆ ಇಡಬಾರದೆಂದು ಗೊತ್ತಿದ್ದವಳಿಗೆ ಇಬ್ಬರು ಗಂಡಸರ ಕೈಗೆ ಒಂದೇ ಪ್ರಯೋಗವನ್ನು ಕೊಡಬಾರದೆಂದು ಹೊಳೆಯಲಿಲ್ಲ.

ಮಾವ ಬಾಗಿಲು ಹಾಕಿಕೊಂಡು ಬಾಟಲಿಯನ್ನು ನೋಡಿದರು. ಒಂದು ಚಿಟಿಕೆ ಪುಡಿಯ ಮೇಲೆ ಆಮ್ಲದ ಹನಿ ಬಿಟ್ಟರು. ಬುಸ್ಸೆಂದು ನೊರೆ ಬಂತು. ಪೂರ್ತಿ ಕಾರ್ಬೊನೇಟು. ಮುದುಕರು ಮಂಚದ ಮೇಲೆ ಕೂತರು. ತಮ್ಮ ಮೇಣ, ತಮ್ಮ ಅಕ್ಷರ, ತಮ್ಮ ಮುಚ್ಚಳ ಮೂರೂ ಸೇರಿ ಕೈಕೊಟ್ಟಿದ್ದನ್ನು ಸೊಸೆಗೆ ಹೇಳುವುದು ಸಾಧ್ಯವೇ ಇರಲಿಲ್ಲ. ಸೊಸೆಗೆ ಹೇಳಿದರೆ ಅದು ಗೋಡೆಯಾಚೆ ದವಡೆಗಳ ನಡುವೆ ಕೂತವನಿಗೂ ಕೇಳುತ್ತಿತ್ತು. ಮರುದಿನ ಕಣ್ಣಿನ ಪರೀಕ್ಷೆಗೆ ಹೋಗಿ ಬರುತ್ತೇನೆಂದು ಹೊರಟವರು, ಬಸ್ಸು ಹತ್ತಿ ಊರಾಚೆಯ ಬಣ್ಣದ ಫ್ಯಾಕ್ಟರಿಗೆ ಹೋದರು. ಅಲ್ಲಿಯ ಲ್ಯಾಬಿನಲ್ಲಿ ಅವರ ಹಳೆಯ ಶಿಷ್ಯನೊಬ್ಬನಿದ್ದ. ಅವನಿಂದ ಹೊಸ ಬೇರಿಯಂ ಹೈಡ್ರಾಕ್ಸೈಡು ಪಡೆದು ಬಂದು, ಹಳೆಯ ಬಾಟಲಿ ಖಾಲಿ ಮಾಡಿ, ತೊಳೆದು, ಒಣಗಿಸಿ, ಹೊಸ ಪುಡಿ ತುಂಬಿ, ಹೊಸ ಮುಚ್ಚಳ ಹಾಕಿದರು. ತಮ್ಮ ಅಕ್ಷರದ ಚೀಟಿಯನ್ನು ಮಾತ್ರ ಮುಟ್ಟಲಿಲ್ಲ.

“ಏನೂ ಆಗಿಲ್ಲ,” ಎಂದರು ಊಟದ ಹೊತ್ತಿಗೆ, ಬಾಟಲಿಯನ್ನು ಮೇಜಿನ ಮಧ್ಯೆ ಇಟ್ಟು. “ಮೇಲಿನ ಒಂದು ಪದರ ಅಷ್ಟೆ, ಸ್ವಲ್ಪ ಮಂಕಾಗಿತ್ತು. ತೆಗೆದುಹಾಕಿದೆ. ಅಡಿಯಲ್ಲಿರೋದು ಮೊದಲಿನ ಹಾಗೇ ಇದೆ. ಮತ್ತೆ ಪರೀಕ್ಷೆ ಅದೂ ಇದೂ ಅಂತ ಚೆಲ್ಲಬೇಡ, ಒಂದು ಸಲಕ್ಕೆ ಆಗೋವಷ್ಟೇ ಉಳಿದಿರೋದು.”

“ಖಂಡಿತ ಕೆಲಸ ಮಾಡುತ್ತಾ ಮಾವ?”

“ನನ್ನ ಬಾಟಲಿ ಕೆಟ್ಟಿದ್ದುಂಟೇನಮ್ಮ?”

ಗಂಡ ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿದವನು ಅದ್ದಿಯೇ ಕೂತ. ಅಪ್ಪನನ್ನು ಹುಟ್ಟಿನಿಂದ ಕಂಡವನು ಅವನು. ಅಪ್ಪ ‘ಸ್ವಲ್ಪ ಮಂಕು’ ಎಂದರೆ ಪೂರ್ತಿ ಕೆಟ್ಟಿದೆ ಎಂದೇ ಲೆಕ್ಕ. ಸೋರುವ ಸೂರಿಗೆ ‘ಸ್ವಲ್ಪ ತೇವ’ ಎಂದಿದ್ದರು. ಮರುವಾರ ಸೂರಿನ ಒಂದು ಭಾಗ ಇವರ ಜೊತೆ ಊಟಕ್ಕೆ ಬಂದಿತ್ತು. ಹೆಂಡತಿ ಸಮಿತಿಯ ಮುಂದೆ ನಿಂತು ಸತ್ತ ಪುಡಿಯನ್ನು ಕಲಕುತ್ತಿರುವುದು, ಫ್ಲಾಸ್ಕ್ ಎತ್ತುವುದು, ಹಲಗೆ ಮೇಜಿನ ಮೇಲೇ ಉಳಿಯುವುದು, ಎಲ್ಲವೂ ಅವನ ಕಣ್ಣಿಗೆ ಕಟ್ಟಿತು. ಅಪ್ಪನಿಗೆ ಹೇಳುವಂತಿಲ್ಲ, ಮಾತಿಲ್ಲ. ಅವಳಿಗೆ ಹೇಳಿದರೆ ಅವಳು ಅಪ್ಪನಿಗೆ ಹೇಳಬೇಕಾಗುತ್ತದೆ. ಆ ಮನೆಯಲ್ಲಿ ಅವಳ ಕೆಲಸವೇ ಅದಲ್ಲವೇ.

ಹಲ್ಲಿನ ಕಸುಬಿನಲ್ಲಿ ಒಂದು ಬಗೆಯ ಸಿಮೆಂಟು ಇದೆ. ಒಣಗಿದ್ದಾಗ ಮುಖಕ್ಕೆ ಹಚ್ಚುವ ಪೌಡರಿನಷ್ಟು ಸಾಧು. ನೀರು ಬಿದ್ದರೆ ಮಾತ್ರ ಮನಸ್ಸು ಬದಲಾಯಿಸಿ ಹಿಡಿದದ್ದನ್ನು ಬಿಡುವುದಿಲ್ಲ. ಕಿರೀಟದಂಥ ಹಲ್ಲುಗಳನ್ನು ಬಾಯೊಳಗೆ ಕೂರಿಸಲು ವೈದ್ಯರು ಅದನ್ನೇ ಬಳಸುವುದು. ಗಂಡ ಹಲಗೆಯನ್ನು ನುಣ್ಣಗೆ ಉಜ್ಜಿ, ಅದರ ನಡುಭಾಗಕ್ಕೆ ಆ ಪುಡಿಯನ್ನು ತೆಳ್ಳಗೆ ಸವರಿ, ಬಟ್ಟೆಯಲ್ಲಿ ಸುತ್ತಿ ಹೆಂಡತಿಯ ಚೀಲದಲ್ಲಿಟ್ಟ. ಹೆಪ್ಪುಗಟ್ಟದಿದ್ದರೆ ಏನಾಯಿತು, ಹಲಗೆ ಎದ್ದರಾಯಿತು. ಪಾಠದ ಎರಡನೆಯ ಭಾಗ, ಅಂದರೆ ಅದು ಬೀಳಬೇಕೆಂಬುದು, ಅವನಿಗೆ ನೆನಪಿರಲಿಲ್ಲ. ಅಪ್ಪನ ತರಗತಿಯಲ್ಲಿ ಅವನು ಯಾವಾಗಲೂ ಮೊದಲರ್ಧ ಕೇಳಿ ಮಲಗುತ್ತಿದ್ದ.

“ರೀ, ಹಲಗೆ ಕ್ಲೀನಾಗಿದೆಯಾ?”

“ಫಳಫಳ ಅಂತಿದೆ. ಸುತ್ತಿರೋ ಬಟ್ಟೆ ಅಲ್ಲೇ ಬಿಚ್ಚು, ಈಗಲೇ ಬೇಡ. ಧೂಳು ಕೂರುತ್ತೆ.”

ತಾನಾಗಿಯೇ ಆಗಬೇಕಾದ ಕೆಲಸಕ್ಕೆ ಹೀಗೆ ಎಲ್ಲ ಸಿದ್ಧತೆಯೂ ಮುಗಿಯಿತು.

ಸಮಿತಿಯಲ್ಲಿ ಮುಖ್ಯರಾದವರು ಇಬ್ಬರು. ಅಧ್ಯಕ್ಷರು ದೊಡ್ಡ ಪ್ರೊಫೆಸರು. ಅವರು ಕೊನೆಯ ಬಾರಿ ತರಗತಿಗೆ ಹೋದಾಗ ಬೋರ್ಡಿನ ಬಣ್ಣ ಬೇರೆ ಇತ್ತು. ಇನ್ನೊಬ್ಬರು ವಿಷಯತಜ್ಞೆ, ಅವರೂ ಪ್ರೊಫೆಸರೇ. ಅಧ್ಯಕ್ಷರ ಜೊತೆ ಬಹಳ ಸಭೆಗಳಲ್ಲಿ ಕೂತು, ಯಾವ ಸಭೆಯಲ್ಲೂ ಒಂದು ವಾಕ್ಯವನ್ನು ಪೂರ್ತಿ ಮಾಡಲು ಆಗದೆ, ಕೊನೆಗೆ ಅರ್ಧ ವಾಕ್ಯದಲ್ಲೇ ಕೆಲಸ ಸಾಗಿಸುವುದನ್ನು ಕಲಿತವರು. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತರು. ಪ್ರಿನ್ಸಿಪಾಲರು ಬಾಗಿಲ ಬಳಿ ನಿಂತರು. ಏನಾದರೂ ಎಡವಟ್ಟಾದರೆ ತಾವು ಅಲ್ಲಿರಲಿಲ್ಲ ಎನ್ನಲು ಅದು ಒಳ್ಳೆಯ ಜಾಗ.

ಅವಳು ಶುರು ಮಾಡಿದಳು. ಬೆಟ್ಟದಿಂದ ಉರುಳುವ ಕಲ್ಲು, ಆರುವ ಚಹಾ, ತುಕ್ಕು ಹಿಡಿಯುವ ಮೊಳೆ. “ಇವೆಲ್ಲ ಯಾರೂ ಒತ್ತಾಯ ಮಾಡದೆ ನಡೆಯೋವು. ಉರುಳಿದ ಕಲ್ಲು ತಾನಾಗಿ ಮೇಲೆ ಹತ್ತಿದ್ದು ಯಾರಾದ್ರೂ ನೋಡಿದ್ದೀರಾ? ಸರಿ. ಹಾಗಿದ್ರೆ ಶಕ್ತಿ ಕಡಿಮೆ ಆಗೋ ಕಡೆಗೇ, ಶಾಖ ಹೊರಗೆ ಬಿಡೋ ಕಡೆಗೇ ಎಲ್ಲವೂ ಹೋಗುತ್ತೆ ಅಂತ ಹೇಳಬಹುದಾ?”

“ಹೌದು ಮೇಡಂ,” ಎಂದಿತು ತರಗತಿ, ಒಕ್ಕೊರಲಿನಿಂದ.

“ಅಲ್ಲ. ಅದನ್ನೇ ಈಗ ನೋಡೋದು. ಎಂಟ್ರೊಪಿ ಅಂದ್ರೆ ಕಣಗಳು, ಅವುಗಳ ಶಕ್ತಿ, ಎಷ್ಟು ಬಗೆಯಲ್ಲಿ ಹಂಚಿಕೊಂಡು ಇರಬಹುದು ಅನ್ನೋದರ ಅಳತೆ. ಗಟ್ಟಿ ಪುಡಿಯೊಳಗೆ ಕಣಗಳಿಗೆ ಕೈಕಾಲು ಆಡಿಸೋಕೂ ಜಾಗ ಇಲ್ಲ. ದ್ರವ ಆದ್ರೆ ಸ್ವಲ್ಪ ಆರಾಮು. ಅನಿಲ ಆದ್ರೆ ಕೇಳಲೇಬೇಡಿ.”

“ನಮ್ಮ ಹಾಸ್ಟೆಲ್ ರೂಮಿನ ಥರ ಮೇಡಂ?” ಎಂದಿತು ಹಿಂದಿನ ಬೆಂಚು.

“ನಿಮ್ಮ ರೂಮು ತಾನಾಗಿ ಹಾಳಾಗಿಲ್ಲ, ನೀವು ಕೈಯಾರೆ ಹಾಳು ಮಾಡಿದ್ದು. ಅದನ್ನ ಎಂಟ್ರೊಪಿ ತಲೆಗೆ ಕಟ್ಟಬೇಡಿ.”

ತಜ್ಞೆ ನಕ್ಕರು. ಅಧ್ಯಕ್ಷರು, ತಾವೂ ನಗಬೇಕಾಗಿತ್ತೇನೋ ಎಂದು ತಡವಾಗಿ ನಕ್ಕರು.

ಅವಳು ಸುತ್ತಿದ್ದ ಬಟ್ಟೆಯಿಂದ ಹಲಗೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಹೊಸದಾಗಿ ಉಜ್ಜಿದ ಮರ ಬೆಳ್ಳಗೆ ಕಂಡಿತು. ನೀರು ಚಿಮುಕಿಸಿ ಫ್ಲಾಸ್ಕ್ ಇಟ್ಟು ಎರಡೂ ಪುಡಿ ಸುರಿದಳು. ಗಾಜಿನ ಕಡ್ಡಿಯಿಂದ ಕಲಕತೊಡಗಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಪುಡಿ ಪುಡಿಯಾಗಿಯೇ ಇದ್ದಂತೆ ಕಂಡಿತು. ಈ ಕಡ್ಡಿಯ ಸುತ್ತಾಟದಲ್ಲಿ ತನ್ನ ಮುಂದಿನ ವರ್ಷಗಳೆಲ್ಲ ಇವೆ ಎಂಬ ಯೋಚನೆ ಬಂದು, ಅದನ್ನು ತಳ್ಳಿ, ಮತ್ತೆ ಕಲಕಿದಳು. ಆಗ ಮೂಗಿಗೆ ಅಮೋನಿಯಾ ಬಡಿಯಿತು. ಕಣ್ಣಲ್ಲಿ ನೀರೂ ಬಂತು, ಎಲ್ಲವೂ ಅಮೋನಿಯಾದ್ದಲ್ಲ. ಪುಡಿ ಕೆಸರಾಯಿತು, ಗಾಜಿನ ಹೊರಮೈಗೆ ಬೆಳ್ಳನೆಯ ಹಿಮ ಹತ್ತಿತು. ‘ನನ್ನ ಬಾಟಲಿ ಕೆಟ್ಟಿದ್ದುಂಟೇನಮ್ಮ’ ಎಂದ ಮಾವನಿಗೆ ಮನಸ್ಸಿನಲ್ಲೇ ಕೈಮುಗಿದು ಫ್ಲಾಸ್ಕ್ ಎತ್ತಿದಳು. ಹಲಗೆ ಎದ್ದು ಬಂತು. ತರಗತಿ ಓಹೋ ಎಂದಿತು.

“ಶಾಖ ಹೊರಗೆ ಬಿಡಲಿಲ್ಲ, ಒಳಗೆ ಎಳ್ಕೊಳ್ತು. ಆದ್ರೂ ತಾನಾಗಿ ನಡೀತು. ಯಾಕೆ? ಗಟ್ಟಿಯಾಗಿ ಕಟ್ಟಿಹಾಕಿದ್ದ ಕಣಗಳು ಬಿಚ್ಕೊಂಡು ದ್ರವ ಆದವು, ಅನಿಲ ಆದವು. ಎಂಟ್ರೊಪಿ ಅಷ್ಟು ಏರಿತು.”

“ಭೇಷ್,” ಎಂದರು ಅಧ್ಯಕ್ಷರು.

ಅವಳು ಫ್ಲಾಸ್ಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೆಳಗೆ ತಗಡಿನ ತಟ್ಟೆ ಇಟ್ಟು, ಬೋರ್ಡಿನ ಕಡೆ ತಿರುಗಿದಳು. ಹಿಂದೆ ಪಿಸುಪಿಸು ಶುರುವಾಯಿತು. ಯಾವ ವಾಕ್ಯಕ್ಕೆ ಬೀಳುತ್ತದೆ ಎಂದು ಪಂಥ ಕಟ್ಟುವುದೂ ಆ ಕಾಲೇಜಿನ ಪದ್ಧತಿಯೇ. ಅವಳು ಸಮೀಕರಣ ಬರೆದಳು. ಹಿಮ ಕರಗಿ ತಟ್ಟೆಗೆ ಹನಿ ಬೀಳುವ ಸದ್ದು ಬಂತು. ಇನ್ನೊಂದು ಉದಾಹರಣೆ ಕೊಟ್ಟಳು. ಹನಿ ನಿಂತಿತು. ಬೇಡದಿದ್ದರೂ ಮತ್ತೊಂದು ಕೊಟ್ಟಳು. ಹಲಗೆ ಬೀಳಲಿಲ್ಲ. ಬೋರ್ಡಿನಲ್ಲಿ ಜಾಗ ಮುಗಿಯಿತು. ಅಳಿಸಿ, ಅಳಿಸಿದ್ದನ್ನೇ ಮತ್ತೆ ಬರೆದಳು. ಕೊನೆಗೆ ತಿರುಗಲೇಬೇಕಾಯಿತು. ಹಿಮವೆಲ್ಲ ಕರಗಿ ಫ್ಲಾಸ್ಕು ನಿರ್ಮಲವಾಗಿ ಹೊಳೆಯುತ್ತಿತ್ತು, ಅದರಡಿ ಹಲಗೆ ಅದು ತನ್ನ ಹುಟ್ಟೂರು ಎಂಬಂತೆ ನೆಮ್ಮದಿಯಾಗಿತ್ತು.

“ಮೇಡಂ, ತಳ್ಳಬೇಕಾ?” ಎಂದಿತು ಹಿಂದಿನ ಬೆಂಚು.

ನಗು ಏಳುವಷ್ಟರಲ್ಲಿ ಅಧ್ಯಕ್ಷರು ಎದ್ದು ನಿಂತರು. ಅವರ ಕೈ ಎಷ್ಟೋ ಕಾಲದಿಂದ ಸೀಮೆಸುಣ್ಣಕ್ಕಾಗಿ ತುರಿಸುತ್ತಿದ್ದಿರಬೇಕು. “ನಗೋಂಥದ್ದು ಏನಿದೆ ಇದರಲ್ಲಿ? ತಾನಾಗಿ ಆಗುತ್ತೆ ಅಂದ್ರೆ ಈಗಿಂದೀಗಲೇ ಆಗುತ್ತೆ ಅಂತ ಯಾರು ಹೇಳಿದ್ದು? ಎಂಟ್ರೊಪಿ ದಿಕ್ಕು ಹೇಳುತ್ತೆ ಹೊರತು ವೇಗ ಹೇಳಲ್ಲ. ವಜ್ರ ತಾನಾಗಿ ಇದ್ದಿಲಿನ ಜಾತಿಗೆ ಇಳೀಬೇಕು. ಇಳಿದಿದ್ದನ್ನ ನಿಮ್ಮಲ್ಲಿ ಯಾರು ನೋಡಿದ್ದೀರಿ?”

ಅಷ್ಟಕ್ಕೆ ನಿಲ್ಲಿಸಿದ್ದರೆ ಮಾತು ಪುಸ್ತಕದಷ್ಟೇ ಸರಿಯಾಗಿತ್ತು. ಅವರು ಬೋರ್ಡಿಗೆ ಬಂದರು. ಗಾಜಿಗೂ ಮರಕ್ಕೂ ನಡುವಿನ ತೆಳುನೀರು ಮಾಮೂಲಿ ನೀರಲ್ಲ, ಅದರ ಅಣುಗಳು ಎರಡು ಮೇಲ್ಮೈಗಳ ನಡುವೆ ಸಾಲುಗಟ್ಟಿರುತ್ತವೆ, ಹಾಗಾಗಿ ಕೋಣೆಯ ಉಷ್ಣತೆಯಲ್ಲೂ ಕರಗಲು ಹಿಂಜರಿಯುತ್ತವೆ ಎಂದು ವಿವರಿಸಿದರು. ಚಿತ್ರ ಬರೆದರು. ಬಾಣ ಹಾಕಿದರು. ಒಂದು ಸಮೀಕರಣವೂ ಬಂತು, ಎಲ್ಲಿಂದಲೋ. ವಿದ್ಯಾರ್ಥಿಗಳು ತಲೆ ತಗ್ಗಿಸಿ ಬರೆದುಕೊಂಡರು; ಅರ್ಥವಾಗದ್ದು ಪರೀಕ್ಷೆಗೆ ಬರುತ್ತದೆಂದು ಅವರಿಗೆ ಅನುಭವದಿಂದ ಗೊತ್ತಿತ್ತು.

“ಅದ್ಭುತ,” ಎಂದರು ತಜ್ಞೆ, ಅಧ್ಯಕ್ಷರು ಉಸಿರು ತೆಗೆದುಕೊಂಡ ಸಂದಿಯಲ್ಲಿ. “ಮೇಡಂ ಏನು ಹೇಳ್ತಾರೋ…”

ಎಲ್ಲರೂ ಅವಳ ಕಡೆ ನೋಡಿದರು. ಅವಳು ಫ್ಲಾಸ್ಕಿನ ಅಡಿಯನ್ನು ಮುಟ್ಟಿದಳು. ಕೋಣೆಯಷ್ಟೇ ಬೆಚ್ಚಗಿತ್ತು. ಅಂಚಿನಲ್ಲಿ ಬೆರಳಾಡಿಸಿದಾಗ ಗಾಜಿಗೂ ಮರಕ್ಕೂ ನಡುವೆ ಗಟ್ಟಿಯಾದ, ಹಾಲುಬಿಳುಪಿನ ಒಂದು ಗೆರೆ ಸಿಕ್ಕಿತು. ಅದೇ ಗೆರೆಯನ್ನು ಅವಳು ದಿನಾ ಗಂಡನ ಅಂಗಿಯ ತೋಳಿನಿಂದ ಉಜ್ಜಿ ತೆಗೆಯುತ್ತಿದ್ದಳು. ಅದು ಎಂದೂ ಪೂರ್ತಿ ಹೋಗುತ್ತಿರಲಿಲ್ಲ. ಯಾರು, ಯಾವಾಗ, ಯಾಕೆ ಎಂಬುದೆಲ್ಲ ಒಂದೇ ಏಟಿಗೆ ತಿಳಿಯಿತು.

‘ಸರ್ ಹೇಳಿದ್ದೇ ಸರಿ’ ಎಂದರೆ ಮುಗಿಯುತ್ತಿತ್ತು. ಅಧ್ಯಕ್ಷರು ಹಿಗ್ಗುತ್ತಿದ್ದರು, ಹುದ್ದೆ ಅಂಗೈಗೆ ಬಂದು ಬೀಳುತ್ತಿತ್ತು. ಆದರೆ ಮುಂದೆ ಕೂತವರು ಬರೆದುಕೊಳ್ಳುತ್ತಿದ್ದರು. ಮಂಜು ಕೋಣೆಯ ಬಿಸಿಗೆ ಕರಗುವುದಿಲ್ಲವೆಂದು ಅವರು ತನ್ನ ತರಗತಿಯಿಂದ ಕಲಿತುಹೋಗುವುದನ್ನು ಅವಳಿಂದ ನುಂಗಲಾಗಲಿಲ್ಲ.

“ಇದು ಮಂಜಲ್ಲ ಸರ್,” ಎಂದಳು. “ಮಂಜು ಆಗಲೇ ಕರಗಿಹೋಗಿದೆ. ಇದು ಹಲ್ಲಿನ ಸಿಮೆಂಟು.”

ತರಗತಿಯಲ್ಲಿ ಪೆನ್ನುಗಳು ನಿಂತವು.

“ಏನು ಸಿಮೆಂಟು?”

“ಹಲ್ಲಿನದು ಸರ್. ನಮ್ಮ ಯಜಮಾನರು ಕಟ್ಟುಹಲ್ಲು ಮಾಡ್ತಾರೆ. ಹಲಗೆಗೆ ಪುಡಿ ಹಚ್ಚಿದ್ದಾರೆ, ನಾನು ನೋಡ್ಕೊಳ್ಳಲಿಲ್ಲ. ನೀರು ಬಿದ್ದು ಗಟ್ಟಿಯಾಗಿದೆ. ತಣ್ಣಗಿದ್ದಾಗ ಅದು ನಿಧಾನ, ಬೆಚ್ಚಗಾದ ಹಾಗೆ ಬಿಗಿಯುತ್ತೆ. ಮಂಜು ಬಿಟ್ಟುಕೊಡೋ ಹೊತ್ತಿಗೆ ಇದು ಹಿಡ್ಕೊಂಡಿದೆ. ಅದಕ್ಕೇ ಬೀಳ್ತಿಲ್ಲ. ಬೀಳೋದೂ ಇಲ್ಲ. ಸರ್ ಬರೆದದ್ದನ್ನ,” ಎಂದು ವಿದ್ಯಾರ್ಥಿಗಳ ಕಡೆ ತಿರುಗಿ ತಡವರಿಸಿದಳು, “ಮೊದಲ ಭಾಗ, ದಿಕ್ಕು ಬೇರೆ ವೇಗ ಬೇರೆ ಅನ್ನೋದು, ಅದನ್ನ ಇಟ್ಕೊಳ್ಳಿ. ಉಳಿದಿದ್ದು ಹೊಡೆದುಹಾಕಿ.”

ನಗು ಈ ಸಲ ಚಾವಣಿಗೆ ಮುಟ್ಟಿತು. ಬಾಗಿಲಲ್ಲಿದ್ದ ಪ್ರಿನ್ಸಿಪಾಲರು ಈಗ ಅಲ್ಲಿರಲಿಲ್ಲ.

ಸಂದರ್ಶನ ಪ್ರಿನ್ಸಿಪಾಲರ ಕೋಣೆಯಲ್ಲೇ ನಡೆಯಿತು. ಅಧ್ಯಕ್ಷರು ಚಹಾ ಮುಂದಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಅವಳು ಬಂದು ಕೂತಾಗ ಅವರ ಮುಖ ಹುಳ್ಳಗಿತ್ತು. ಆದರೆ ಕೂತು ಮುಗಿಯುವಷ್ಟರಲ್ಲಿ ಅದರ ಮೇಲೆ ಒಂದು ಬೆಳಕು ಮೂಡಿತು. ದಾರಿ ಸಿಕ್ಕಿತ್ತು.

“ಒಂದೇ ಮಾತು ಕೇಳ್ತೀನಿ,” ಎಂದರು. “ಆ ಸಿಮೆಂಟು. ನೀವು ಬೇಕಂತಲೇ ಹಾಕಿದ್ದು ತಾನೆ?”

“ಇಲ್ಲ ಸರ್.”

“ಅಂದ್ರೆ, ನೋಡೋರು ಎಚ್ಚರವಾಗಿದ್ದಾರಾ ಅಂತ ಪರೀಕ್ಷೆ ಮಾಡೋಕೆ. ತಾನಾಗಿ ಆಗಬೇಕಾದ್ದಕ್ಕೆ ಒಂದು ಅಡ್ಡಿ ಒಡ್ಡಿ, ಹುಡುಗರನ್ನ ಯೋಚನೆಗೆ ಹಚ್ಚೋಕೆ. ನನಗೆ ಆಗಲೇ ವಾಸನೆ ಹತ್ತಿತ್ತು ಅನ್ನಿ. ನಾನೂ ಅದಕ್ಕೇ ಸ್ವಲ್ಪ ದಾರಿ ತಪ್ಪಿಸಿ ನೋಡಿದೆ, ನೀವು ಹಿಡೀತೀರಾ ಅಂತ. ಹಿಡಿದ್ರಿ.”

“ಇಲ್ಲ ಸರ್, ನನಗೆ ಗೊತ್ತೇ ಇರಲಿಲ್ಲ. ಹಲಗೆ ನನ್ನದು, ಪಾಠ ನನ್ನದು, ನಾನು ನೋಡ್ಕೊಂಡಿರಬೇಕಿತ್ತು. ತಪ್ಪು ನಂದೇ.”

“ನೋಡಿದ್ರಾ ವಿನಯ!” ಎಂದರು ಅಧ್ಯಕ್ಷರು ಪಕ್ಕಕ್ಕೆ ತಿರುಗಿ.

“ಅವರು ಇಲ್ಲ ಅಂತಿದ್ದಾರೆ ಸರ್,” ಎಂದರು ತಜ್ಞೆ. ಅದು ಪೂರ್ಣವಾಕ್ಯವಾಗಿತ್ತು.

“ಅದನ್ನೇ ನಾನೂ ಹೇಳ್ತಿರೋದು. ಬೇರೆಯೋರಾಗಿದ್ರೆ ಹೌದು ಅಂತ ಕೊಚ್ಕೋತಿದ್ರು.”

ಪಾಪ, ಅವರ ಸ್ಥಿತಿಯೂ ಹಾಗೇ ಇತ್ತು. ಇವಳು ಬೇಕೆಂದೇ ಮಾಡಿದ್ದರೆ ಅವರು ಒಂದು ಜಾಣ ಬಲೆಯನ್ನು ಕಂಡುಹಿಡಿದ ಇನ್ನೊಬ್ಬ ಜಾಣ. ಗೊತ್ತಿಲ್ಲದೆ ಆಗಿದ್ದರೆ, ಹಲ್ಲು ಮಾಡುವವನ ಪುಡಿಗೆ ಮರುಳಾಗಿ ಬೋರ್ಡಿನ ತುಂಬ ಬಾಣ ಬರೆದವರು. ಎರಡರಲ್ಲಿ ಯಾವುದು ನಿಜವಾಗಿರಬೇಕೆಂದು ಅವರು ತೀರ್ಮಾನಿಸಿಯಾಗಿತ್ತು. ಇನ್ನು ಅವಳೇನು, ಸ್ವತಃ ಗಂಡ ಬಂದು ಪುಡಿಯ ಡಬ್ಬಿ ತೋರಿಸಿದರೂ ಅದು ಬದಲಾಗುವಂತಿರಲಿಲ್ಲ.

ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಫ್ಲಾಸ್ಕು, ಫ್ಲಾಸ್ಕಿಗೆ ಹಲಗೆ. ಉಳಿದ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಅವರ ಪಾಠಗಳು ನಿನ್ನೆಯೇ ಮುಗಿದಿದ್ದವು, ಯಾವುದರಲ್ಲೂ ಏನೂ ಅಂಟಿಕೊಂಡಿರಲಿಲ್ಲ. ಮುಂದಿನ ತಿಂಗಳಿಂದ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ಅವಳು ಯೋಚಿಸಿದಳು. ಅಪ್ಪ ಮಗನ ನಡುವೆ ಮಾತು ಸಾಗಿಸುವುದಂತೂ ಇದ್ದೇ ಇದೆ, ಅದು ಕಾಯಂ.

ಪ್ರಿನ್ಸಿಪಾಲರು ಹೊರಗೆ ಬಂದಾಗ ಅವರ ಮುಖದಲ್ಲಿ ಗೊಂದಲವಿತ್ತು. “ಆಯ್ತಮ್ಮ, ನಿಮ್ಮದೇ,” ಎಂದರು. “ಇಬ್ಬರೂ ನಿಮಗೇ ಜಾಸ್ತಿ ಅಂಕ ಕೊಟ್ಟಿದ್ದಾರೆ. ಇಷ್ಟು ಚಾಲಾಕಿಯೋರು ಸಿಗಲ್ಲ ಅಂತ ಅಧ್ಯಕ್ಷರು. ಕುತ್ತಿಗೆಗೆ ಬಂದ್ರೂ ಸುಳ್ಳು ಹೇಳದೋರು ಸಿಗಲ್ಲ ಅಂತ ಆ ಮೇಡಂ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೋ ನನಗೆ ತಿಳೀಲಿಲ್ಲ. ಕೂಡಿಸೋದು ನನ್ನ ಕೆಲಸ, ಕೂಡಿಸಿದೆ.”

ಮನೆಯಲ್ಲಿ ಅವಳು ಹಲಗೆಸಮೇತ ಫ್ಲಾಸ್ಕನ್ನೂ ಖಾಲಿ ಬಾಟಲಿಯನ್ನೂ ಊಟದ ಮೇಜಿನ ಮೇಲಿಟ್ಟು, ನೌಕರಿ ಸಿಕ್ಕಿತೆಂದಳು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಗಂಡ ನಿಂತಲ್ಲೇ ನಕ್ಕ.

“ಬಾಟಲಿ ಕೆಲಸ ಮಾಡ್ತಾ?” ಎಂದರು ಮಾವ.

“ಮಾಡ್ತು ಮಾವ. ಚೆನ್ನಾಗಿ ಹೆಪ್ಪುಗಟ್ಟಿತು.”

ಗಂಡನ ನಗು ಅರ್ಧಕ್ಕೆ ನಿಂತಿತು. “ಹೆಪ್ಪುಗಟ್ಟಿತಾ? ಹಾಗಾದ್ರೆ…”

“ನಿಮ್ಮದೂ ಕೆಲಸ ಮಾಡ್ತು ಕಣ್ರೀ. ಇನ್ನೂ ಮಾಡ್ತಿದೆ, ನೋಡಿ.”

ಮಾವ ಫ್ಲಾಸ್ಕನ್ನು ಕೈಗೆತ್ತಿಕೊಂಡು, ತಿರುಗಿಸಿ, ಉಗುರಿನಿಂದ ಬಿಳಿಯ ಗೆರೆಯನ್ನು ಕೆರೆದು ನೋಡಿದರು. ನಾಲಿಗೆ ತಮಗರಿವಿಲ್ಲದೆ ತಮ್ಮ ಮೇಲಿನ ಸಾಲಿನ ಹಲ್ಲನ್ನು ಮುಟ್ಟಿತು. ಗಂಡ ಬಾಟಲಿಯ ಹೊಸ ಮುಚ್ಚಳವನ್ನು ನೋಡಿದ. ಸೊಸೆಗೆ ನೌಕರಿ ಸಿಕ್ಕಿದ್ದು ತಮ್ಮಿಂದಲೇ ಎಂದು ಇಬ್ಬರ ಮುಖದಲ್ಲೂ ಒಂದೇ ಬಗೆಯ, ಒಂದೇ ಅಳತೆಯ ಸಂತೋಷ ಹರಡಿತು. ಆ ಮುಚ್ಚಳ ನೋಡಿ ಮಾವನ ಗುಟ್ಟನ್ನೂ ಊಹಿಸಿದ್ದ ಅವಳು ಇಬ್ಬರನ್ನೂ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಕಾಲೇಜಿನಲ್ಲಿ ಎರಡು ಸಲ ನಿಜ ಹೇಳಿ ಸಾಕಾಗಿತ್ತು. ಬಿಟ್ಟಳು.

“ಮುಂದಿನ ವರ್ಷದ ಬಾಟಲಿ…” ಎಂದು ಮಾವ ಶುರು ಮಾಡಿದರು.

“ಮುಂದಿನ ವರ್ಷ ಬಾಟಲಿಯೂ ಇಲ್ಲ, ಹಲಗೆಯೂ ಇಲ್ಲ,” ಎಂದಳು, ಕುರ್ಚಿ ಎಳೆದು ಕೂತು. ಕಾಯಂ ನೌಕರಿಯವಳ ಧ್ವನಿ ಅದು. ಅವಳಿಗೇ ಹೊಸದಾಗಿ ಕೇಳಿಸಿತು. “ಒಂದು ಲೋಟ ನೀರು, ಒಂದು ಚಮಚ ಸಕ್ಕರೆ. ಹಾಕಿ ಸುಮ್ಮನೆ ನಿಂತ್ಕೋತೀನಿ. ಅದು ತಾನಾಗಿ ಕರಗುತ್ತೆ. ಇದಕ್ಕೆ ಯಾರ ಸಹಾಯವೂ ಬೇಡ.”

ತಟ್ಟೆಗಳು ಬಂದವು, ಬ್ರೆಡ್ಡು ಬಂತು.

“ಯಾವ ಸಕ್ಕರೆ?” ಎಂದರು ಮಾವ.

“ಪುಡಿ ಮಾಡಿದ್ರೆ ಬೇಗ ಕರಗುತ್ತೆ,” ಎಂದ ಗಂಡ, ತಟ್ಟೆಯ ಕಡೆಗೇ ನೋಡುತ್ತ. “ಮಿಷನ್ ಇದೆ.”